ಒಂದೇ ಪರಾತ



2019ರಲ್ಲಿ ಪಂಪ್‌ಸೆಟ್ ಕೂಡಿಸುವ ಕೆಲಸಕ್ಕೆ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾಕ್ಕೆ ಹೋಗಿದ್ದೆ. ನದಿಯ ಎರಡೂ ದಂಡೆಗೆ ಅಂಟಿಕೊಂಡ ಪಟ್ಟಿಯಂಥ ದೇಶ. ಮೂರು ಕಡೆ ಸೆನೆಗಲ್, ಒಂದು ಕಡೆ ಸಮುದ್ರ. ಒಟ್ಟು ಸೇರಿ ನಮ್ಮ ಬೀದರ್ ಜಿಲ್ಲೆಯ ಎರಡರಷ್ಟು. ಬಂಜುಲ್‌ನಲ್ಲಿ ಫೆರಿ ಹತ್ತಿ ನದಿ ದಾಟಿದರೆ ಶೇಂಗಾ ಹೊಲ, ಕೆಂಪು ಮಣ್ಣು. ಹುಮನಾಬಾದ್ ರಸ್ತೆಯಲ್ಲೇ ಇದ್ದೇನೇನೋ ಅನ್ನಿಸಿತ್ತು.

ಒಂದು ಹಳ್ಳಿಯಲ್ಲಿ ಊಟದ ಹೊತ್ತಿಗೆ ಯಾರೋ ಅಂಗಳಕ್ಕೆ ಕರೆದು ಕೂರಿಸಿದರು. ಒಂದೇ ಪರಾತದಲ್ಲಿ ಅನ್ನ, ಮೀನು. ಸುತ್ತ ಏಳೆಂಟು ಕೈ. ನೀನು ಯಾವ ಪೈಕಿ ಎಂದು ಒಬ್ಬರೂ ಕೇಳಲಿಲ್ಲ. ಚಿಕ್ಕಂದಿನಲ್ಲಿ ಊರ ಹೋಟೆಲಿನ ಹೊರಗೆ, ಬೇರೆ ಇಟ್ಟ ಲೋಟದಲ್ಲಿ ಚಹಾ ಕುಡಿದವನು ನಾನು. ತುತ್ತು ಗಂಟಲಲ್ಲೇ ನಿಂತಿತು.

ಅಸ್ಸಲಾಯನ ಸುತ್ತದಲ್ಲಿ ಭಗವಾನರು ಯೋನ, ಕಾಂಬೋಜ ದೇಶಗಳ ಮಾತು ತೆಗೆಯುತ್ತಾರಲ್ಲ? ಅಲ್ಲಿ ನಾಲ್ಕು ವರ್ಣ ಇಲ್ಲ, ಒಡೆಯ ಮತ್ತು ದಾಸ ಎರಡೇ, ಅವೂ ಅದಲುಬದಲಾಗುತ್ತವೆ ಎಂದು. ಅಂಥದೇ ದೇಶಕ್ಕೆ ಬಂದೆ ಅಂದುಕೊಂಡೆ.

ವಾಪಸ್ಸು ಬರುವಾಗ ಡ್ರೈವರ್ ಹೇಳಿದ: ನಿನ್ನ ಎದುರು ಕೂತು ಉಂಡವನು ಕರಂಕೆ, ಚರ್ಮದ ಕೆಲಸದ ಮನೆತನ. ಮಂಡಿಂಕಾ ಜನರಲ್ಲಿ ಕಮ್ಮಾರರು, ಹಾಡುವ ಜಾಲಿಗಳು, ಕರಂಕೆಗಳು ಹುಟ್ಟಿನಿಂದಲೇ ಬೇರೆ ಬೇರೆ. ಆ ಮನೆಗೆ ಹೆಣ್ಣು ಕೊಡುತ್ತೀಯಾ ಎಂದು ಕೇಳಿದೆ. ನಕ್ಕುಬಿಟ್ಟ. ಊಟ ಬೇರೆ, ಮದುವೆ ಬೇರೆ ಅಂದ.

ಬಸವಕಲ್ಯಾಣದವನಿಗೆ ಇದು ಹೊಸ ಮಾತೇ? 12ನೇ ಶತಮಾನದಲ್ಲಿ ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮಧುವರಸರು ಮಗಳನ್ನು ಕೊಟ್ಟರು. ಜೊತೆಗೆ ಕೂತು ಉಂಡದ್ದಕ್ಕಲ್ಲ, ಬೀಗರಾದದ್ದಕ್ಕೆ ಇಬ್ಬರನ್ನೂ ಕೊಂದರು. ಸಹಭೋಜನ ಸಾಲದು, ಜಾತಿಗೆ ಮದ್ದು ಅಂತರ್ಜಾತಿ ವಿವಾಹವೇ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದದ್ದನ್ನು ನಾನೇ ಎಷ್ಟೋ ಸಲ ಈ ಗುಂಪಿಗೆ ಕಳಿಸಿದ್ದೇನೆ.

ಆ ಡ್ರೈವರ್ ಮೇಲೆ ಅವತ್ತು ಸಿಟ್ಟು ಬಂದಿತ್ತು. ಹೋದ ತಿಂಗಳು ಹುಮನಾಬಾದಿನಿಂದ ನನ್ನ ಮಗಳಿಗೆ ಸಂಬಂಧ ಬಂತು. ಒಳ್ಳೆಯ ಹುಡುಗ. ಮನೆಯವರೆಲ್ಲ ಬೌದ್ಧರು, ವಿಹಾರದಲ್ಲಿ ನಮ್ಮ ಪಕ್ಕದಲ್ಲೇ ಕೂತು ತ್ರಿಸರಣ ಹೇಳುವವರು. ಮೂಲದಲ್ಲಿ ಅವರು ಎಡಗೈ, ನಾವು ಬಲಗೈ. "ವಿಚಾರ ಮಾಡಿ ಹೇಳ್ತೀವ್ರಿ" ಅಂದೆ. ವಿಚಾರ ಮಾಡಲು ಏನಿತ್ತು? ಅವರ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದೇನೆ, ಅದನ್ನೇ ನನ್ನ ದೊಡ್ಡಸ್ತಿಕೆ ಅಂದುಕೊಂಡಿದ್ದೆ. ನೆಂಟರು ಏನಂದಾರು ಎಂದು ಹೆಂಡತಿಗೆ ನೆಪ ಹೇಳಿದೆ. ನೆಂಟರು ಇನ್ನೂ ಬಾಯಿಯೇ ತೆರೆದಿರಲಿಲ್ಲ; ಮೊದಲು ಹಿಂಜರಿದವನು ನಾನೇ.

ಮಗಳು ರೊಟ್ಟಿ ಬಡಿಯುತ್ತ ಕೇಳಿದಳು: "ಅಪ್ಪಾ, 22 ಪ್ರತಿಜ್ಞಾ ಅವರಿಗಿ ಬ್ಯಾರೆ, ನಮಗ ಬ್ಯಾರೆ ಅದಾವೇನು?"

ಈ ಭಾನುವಾರ ಹುಮನಾಬಾದಿಗೆ ಹೊರಟಿದ್ದೇವೆ. ತಡ ಮಾಡಿದ್ದೇಕೆ ಎಂದು ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಅವರೂ ಈ ಗುಂಪಿನಲ್ಲಿದ್ದಾರೆ. ಓದಿರುತ್ತಾರೆ.