ಕೈಮಾತಿನ ಓಲೆ

ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗಿ ನೀರಿನ ಬಾಟಲಿಗೆ ಫೋನು ಆನಿಸಿಟ್ಟು ಎರಡೂ ಕೈಗಳಿಂದ ಮಾತಾಡುತ್ತಿದ್ದಳು. ಸನ್ನೆ ಭಾಷೆ. ಮುಗಿಸಿದ ಮೇಲೆ ತನ್ನ ವಿಡಿಯೊ ತಾನೇ ನೋಡಿದಳು, ಮುಖ ಸಿಂಡರಿಸಿ ಅಳಿಸಿದಳು, ಮತ್ತೆ ಮೊದಲಿನಿಂದ ಹೇಳಿದಳು. ನಾಲ್ಕನೆಯ ಸಲದ್ದು ಒಪ್ಪಿಗೆಯಾಯಿತೇನೋ, ಕಳಿಸಿದಳು. ಕಾಗದ ಬರೆಯುವಾಗ ನಾನು ಚಿತ್ತು ಹೊಡೆದು ತಿದ್ದುವುದೂ ಹೀಗೆಯೇ.

ಈಗಿನ ಹುಡುಗರು ಬರೆಯುವುದನ್ನು ಬಿಟ್ಟು ವಿಡಿಯೊ ಹಿಡಿದು ಕೂತರು ಎಂದು ನಾನೂ ಹೇಳಿದ್ದುಂಟು. ಬರೆಯುವವರು ಯೋಚಿಸುತ್ತಾರೆ, ವಿಡಿಯೊ ಮಾಡುವವರು ಬರೀ ತೋರಿಸಿಕೊಳ್ಳುತ್ತಾರೆ ಎಂಬ ನಂಬಿಕೆ ಆ ಮಾತಿನ ಹಿಂದಿದೆ. ಈ ಹುಡುಗಿಯ ಮುಂದೆ ಅದು ನಿಲ್ಲುವುದಿಲ್ಲ. ಸನ್ನೆ ಭಾಷೆಗೆ ದಿನಬಳಕೆಯ ಲಿಪಿಯಿಲ್ಲ. ಹುಬ್ಬೇರಿಸಿದರೆ ಪ್ರಶ್ನೆ, ತಲೆಯಾಡಿಸಿದರೆ ನಿರಾಕರಣೆ, ಮುಖದಲ್ಲೇ ವ್ಯಾಕರಣ. ಕನ್ನಡ ಬರಹ ಕಿವುಡ ಮಕ್ಕಳಿಗೆ ಎಷ್ಟೋ ಸಲ ಎರಡನೆಯ ಭಾಷೆ. ದೂರದ ಗೆಳತಿಗೆ ತನ್ನದೇ ಭಾಷೆಯಲ್ಲಿ ಓಲೆ ಕಳಿಸಬೇಕೆಂದರೆ ಅವಳಿಗೆ ವಿಡಿಯೊ ಬೇಕೇ ಬೇಕು.

ಇದು ಹೊಸ ಅರಿವಲ್ಲ. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕೆಂದು ನಿರ್ಣಯಿಸಿತು; ಎಷ್ಟೋ ಶಾಲೆಗಳಿಂದ ಸನ್ನೆ ಹೊರಬಿತ್ತು. ಭಾಷೆಯೇ ಅಳಿದೀತೆಂಬ ಭಯದಿಂದ ಅಮೆರಿಕದ ಕಿವುಡರ ಸಂಘ ಚಂದಾ ಎತ್ತಿ ಸಿನಿಮಾ ತೆಗೆಸಿತು. 1913ರಲ್ಲಿ ಆ ಸಂಘದ ಜಾರ್ಜ್ ವೆಡಿಟ್ಜ್ ಕ್ಯಾಮೆರಾದ ಮುಂದೆ ನಿಂತು, ಈ ಭಾಷೆಯನ್ನು ಕಾಪಾಡಿಕೊಳ್ಳಿ ಎಂದು ಕೈಯಲ್ಲೇ ಭಾಷಣ ಮಾಡಿದರು. ಆಗಿನ ಸಿನಿಮಾಕ್ಕೆ ಶಬ್ದವಿರಲಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಆ ಭಾಷಣವನ್ನು ಇಂದಿಗೂ ನೋಡಬಹುದು.

ಒಂದು ಸಂಕಟ ಮಾತ್ರ ನನ್ನನ್ನು ಬಿಡುವುದಿಲ್ಲ. ಬರೆಯುವವರಿಗೆ ಮರೆಯಿದೆ, ಹೆಸರು ಮುಚ್ಚಿಟ್ಟು ದೂರು ಬರೆಯಬಹುದು. ಸನ್ನೆಯಲ್ಲಿ ಮುಖ ಮುಚ್ಚಿದರೆ ಮಾತೇ ಮುರಿಯುತ್ತದೆ. ಮನೆಯಲ್ಲಿ ಹೊಡೆತ ತಿನ್ನುವ ಹುಡುಗಿ ಅದನ್ನು ಮುಖ ತೋರಿಸಿಯೇ ಹೇಳಬೇಕು. ಅದು ಯಾರ ಫೋನಿಗೆ ಹೋಗುತ್ತದೆ, ಅವರು ಇನ್ನಾರಿಗೆ ಕಳಿಸುತ್ತಾರೆ ಎಂಬುದರ ಮೇಲೆ ಅವಳ ಬದುಕು ನಿಂತಿರುತ್ತದೆ. ವಿಡಿಯೊದ ಒಳಿತು ಕೆಡುಕಿನ ಲೆಕ್ಕವನ್ನು ನಾವು ಸದಾ ತೆಗೆಯುವವರ ತಲೆಗೇ ಕಟ್ಟುತ್ತೇವೆ. ನೋಡುವವರ ಪಾಲು ಅದಕ್ಕಿಂತ ದೊಡ್ಡದು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಉಳಿಸಿಕೊಳ್ಳುವ ಪ್ರಶ್ನೆಯೂ ಇದೆ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳಿಗೆ ನಿಷೇಧ ಬಿದ್ದಾಗ, ಹುಡುಗರು ಅಲ್ಲಿ ಹೇಳಿಕೊಂಡಿದ್ದೆಲ್ಲ ಕೈಗೆಟುಕದಾಯಿತು. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ವಿಡಿಯೊ ನಿಘಂಟು ಮಾಡಿದೆ. ಪದಗಳಿಗೆ ಮನೆ ಸಿಕ್ಕಿತು. ಗೆಳತಿಯರ ಮುನಿಸು, ಪ್ರೀತಿ, ಪರೀಕ್ಷೆಯ ಭಯ ಹೊತ್ತ ಓಲೆಗಳಿಗೆ ಸಿಕ್ಕಿಲ್ಲ. ಅಜ್ಜನ ಕಾಗದಗಳು ನಮ್ಮ ಮನೆಯ ಟ್ರಂಕಿನಲ್ಲಿ ಇನ್ನೂ ಇವೆ. ಫೋನು ತುಂಬಿತ್ತೇನೋ, ಆ ಹುಡುಗಿ ಬಸ್ಸು ಬರುವವರೆಗೂ ಹಳೆಯ ವಿಡಿಯೊಗಳನ್ನು ಒಂದೊಂದಾಗಿ ನೋಡಿ ನೋಡಿ ಅಳಿಸುತ್ತಿದ್ದಳು.