ಅಂಕಣದ ಹೊರಗೆ ಕೂತವರು

2021ರ ಆಗಸ್ಟ್ 5ರಂದು ಟೋಕಿಯೊದಲ್ಲಿ ಭಾರತದ ಪುರುಷರ ಹಾಕಿ ತಂಡ ಜರ್ಮನಿಯನ್ನು 5–4 ಗೋಲುಗಳಿಂದ ಸೋಲಿಸಿ ಕಂಚಿನ ಪದಕ ಗೆದ್ದಿತು. ಒಲಿಂಪಿಕ್ಸ್ ಹಾಕಿಯಲ್ಲಿ ನಾವು ಪದಕ ಕಂಡು 41 ವರ್ಷ ಕಳೆದಿತ್ತು. ದೇಶವೆಲ್ಲ ಕುಣಿಯಿತು; ಕುಣಿಯಬೇಕಾದ ದಿನವೇ ಅದು. ಆ ತಂಡದಲ್ಲಿ ಕೊಡಗಿನ ಸೋಮವಾರಪೇಟೆಯ ಎಸ್.ವಿ. ಸುನಿಲ್ ಇರಲಿಲ್ಲ. ಹದಿನಾಲ್ಕು ವರ್ಷ ದೇಶಕ್ಕಾಗಿ ಓಡಿದ ಆಟಗಾರನನ್ನು ಆಯ್ಕೆಗಾರರು ಆ ಸಲ ಬಿಟ್ಟಿದ್ದರು. ಅಕ್ಟೋಬರ್ 1ರಂದು ಸುನಿಲ್ ನಿವೃತ್ತಿ ಘೋಷಿಸಿದರು. ಮರುದಿನ, ಗಾಂಧಿ ಜಯಂತಿಯಂದು, ಹೊಸಪೇಟೆಯಲ್ಲಿ ವಿಜಯನಗರ ಜಿಲ್ಲೆಯ ಉದ್ಘಾಟನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿಯವರಾದ ನಾವು ಹೊಸ ಜಿಲ್ಲೆಯ ಸಡಗರದಲ್ಲಿದ್ದೆವು. ಒಬ್ಬ ಹಾಕಿ ಆಟಗಾರನ ವಿದಾಯ ಅಂದು ಯಾರ ಕಣ್ಣಿಗೆ ಬೀಳಬೇಕು?

ನನ್ನ ಮನಸ್ಸಿನಲ್ಲಿ ಮಾತ್ರ ಆ ಸುದ್ದಿ ಇಂದಿಗೂ ಕೂತಿದೆ. ಸುನಿಲ್ ಅವರದು ಅನುಕೂಲಸ್ಥರ ಮನೆಯಲ್ಲ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡವರು. ಹಾಕಿ ಕೋಲು ಕೊಳ್ಳುವ ಶಕ್ತಿ ಇಲ್ಲದೆ ಬಿದಿರಿನ ಕೋಲು ಹಿಡಿದು ಆಟ ಕಲಿತವರು. 2007ರಲ್ಲಿ ಚೆನ್ನೈನ ಏಷ್ಯಾ ಕಪ್‌ನಲ್ಲಿ ಅವರು ದೇಶದ ಅಂಗಿ ತೊಟ್ಟಾಗ ಭಾರತ ಕಪ್ ಗೆದ್ದಿತು. ಮರುವರ್ಷವೇ ಭಾರತದ ತಂಡ ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. 1928ರಿಂದ ಅಲ್ಲಿಯವರೆಗೆ ಹಾಗಾದದ್ದೇ ಇರಲಿಲ್ಲ. ಸುನಿಲ್ 2012ರ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ತಂಡ ಆಡಿದ ಆರೂ ಪಂದ್ಯ ಸೋತು ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಯಿತು. ಆಗ ಹಾಕಿಯವರಿಗೆ ಬಿದ್ದ ಬೈಗುಳ ಅಷ್ಟಿಷ್ಟಲ್ಲ. ಆ ಬೈಗುಳ ತಿಂದು ಮರುದಿನ ಬೆಳಿಗ್ಗೆ ಎದ್ದು ಮೈದಾನಕ್ಕೆ ಹೋದವರಲ್ಲಿ ಸುನಿಲ್ ಒಬ್ಬರು. 2014ರಲ್ಲಿ ಇಂಚಾನ್ ಏಷ್ಯನ್ ಗೇಮ್ಸ್ ಚಿನ್ನ, 2016ರಲ್ಲಿ ಚಾಂಪಿಯನ್ಸ್ ಟ್ರೋಫಿಯ ಬೆಳ್ಳಿ, ಅದೇ ವರ್ಷ ರಿಯೊ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್, 2017ರಲ್ಲಿ ಮತ್ತೆ ಏಷ್ಯಾ ಕಪ್. ಆಮೇಲೆ ಮೊಣಕಾಲಿನ ಪೆಟ್ಟು; 2018ರ ಭುವನೇಶ್ವರದ ವಿಶ್ವಕಪ್ ಕೈತಪ್ಪಿತು. ಒಟ್ಟು 264 ಪಂದ್ಯ, 72 ಗೋಲು.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮುಂಚೂಣಿ ಆಟಗಾರನಿಗೆ ಇಷ್ಟೇನಾ ಅನ್ನಿಸಬಹುದು. ಆದರೆ ಸುನಿಲ್ ಅವರ ಓಟ ನೋಡಿದವರಿಗೆ ಗೊತ್ತು. ಬಲ ಅಂಚಿನಲ್ಲಿ ಚೆಂಡು ಹಿಡಿದು ಎದುರಾಳಿಯ ಬೆನ್ನಿಗೆ ಹೋಗಿ, ತಲೆ ಎತ್ತಿ ನೋಡಿ, ಗೋಲಿನ ಮುಂದಿನ ‘ಡಿ’ ಒಳಗೆ ನಿಂತಿರುವವನ ಕೋಲಿಗೆ ಚೆಂಡು ಮುಟ್ಟಿಸುವುದು ಅವರ ಕೆಲಸ. ಹೊಡೆದವನ ಹೆಸರು ಫಲಕದ ಮೇಲೆ ಬರುತ್ತದೆ. ಅಷ್ಟು ದೂರ ಚೆಂಡು ತಂದವನ ಹೆಸರು ಬರುವುದಿಲ್ಲ.

ಟೋಕಿಯೊ ಕೈತಪ್ಪಿದ್ದನ್ನು ಬಹಳ ಮಂದಿ ಅವರ ದುರದೃಷ್ಟ ಎಂದರು. ನಾನು ಒಪ್ಪುವುದಿಲ್ಲ. ಹಾಗೆ ಹೇಳಿದಾಗ ಅವರ ಹದಿನಾಲ್ಕು ವರ್ಷವೂ ಒಂದು ಪದಕಕ್ಕಾಗಿ ಸವೆಸಿ ಕೊನೆಗೆ ಕೈಗೆ ಸಿಗದೆ ಹೋದ ಕೂಲಿಯಂತೆ ಆಗುತ್ತದೆ. ಹನ್ನೆರಡನೆಯ ಸ್ಥಾನದಲ್ಲಿದ್ದ ತಂಡ ಒಂಬತ್ತು ವರ್ಷದಲ್ಲಿ ಮೂರನೆಯ ಸ್ಥಾನಕ್ಕೆ ತಾನಾಗಿ ಏರಲಿಲ್ಲ. ನಡುವಿನ ಮೆಟ್ಟಿಲುಗಳಿಗೆ ಹೆಗಲು ಕೊಟ್ಟವರಿದ್ದರು. ಅವರಲ್ಲಿ ಕೆಲವರು ಪದಕದ ದಿನ ಮನೆಯ ಟಿ.ವಿ. ಮುಂದೆ ಕೂತಿದ್ದರು, ಅಷ್ಟೆ.

ಈ ವಿಷಯಕ್ಕೆ ಅಮೆರಿಕದಿಂದ ಒಂದು ಬಾಳನ್ನು ತಂದು ಪಕ್ಕದಲ್ಲಿಡುತ್ತೇನೆ. ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಅಡ್ಡಗಟ್ಟಿ ಕೆಡಹುವ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನೊಬ್ಬನಿದ್ದಾನೆ. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಎದುರಾಳಿಗಳು ಮೈಮೇಲೆ ನುಗ್ಗಿ ಬರುವ ಎರಡು ಮೂರು ಕ್ಷಣಗಳಲ್ಲಿ ಯಾರಿಗೆ ಎಸೆಯಬೇಕೆಂದು ಅವನು ನಿರ್ಧರಿಸಬೇಕು. ಗೆದ್ದರೂ ಅವನ ಹೆಸರು, ಸೋತರೂ ಅವನ ಹೆಸರು. ಅವನ ಮುಂದೆ ದಪ್ಪ ದಪ್ಪ ಐವರು ಗೋಡೆ ಕಟ್ಟಿ ನಿಂತಿರುತ್ತಾರೆ. ಅವರು ಜಾಗ ಬಿಡದೆ ನಿಂತರೆ ಮಾತ್ರ ಅವನಿಗೆ ಆ ಎರಡು ಮೂರು ಕ್ಷಣ ಸಿಗುವುದು.

ಕರ್ಟ್ ವಾರ್ನರ್ ಅಂಥ ಒಬ್ಬ ಕ್ವಾರ್ಟರ್‌ಬ್ಯಾಕ್. ಅಯೋವಾ ಎಂಬ ಕೃಷಿ ನಾಡಿನವನು. 1994ರಲ್ಲಿ ದೊಡ್ಡ ಲೀಗಿನ ತಂಡಗಳು ಹೊಸ ಆಟಗಾರರನ್ನು ಆರಿಸುವಾಗ ಇವನ ಹೆಸರನ್ನು ಯಾರೂ ಕರೆಯಲಿಲ್ಲ. ಒಂದು ತಂಡ ಶಿಬಿರಕ್ಕೆ ಕರೆದು ವಾಪಸು ಕಳಿಸಿತು. ಊರಿಗೆ ಬಂದವನು ದಿನಸಿ ಅಂಗಡಿಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ಕಪಾಟುಗಳಿಗೆ ಸಾಮಾನು ಜೋಡಿಸುವ ಕೆಲಸಕ್ಕೆ ಸೇರಿದ. ಗಂಟೆಗೆ ಐದೂವರೆ ಡಾಲರ್ ಸಂಬಳ. ಆಮೇಲೆ ಒಳಾಂಗಣ ಫುಟ್‌ಬಾಲಿನಲ್ಲಿ ಆಡಿದ, ಆಮ್‌ಸ್ಟರ್‌ಡ್ಯಾಮಿನಲ್ಲಿ ಆಡಿದ. 1999ರಲ್ಲಿ ಸೇಂಟ್ ಲೂಯಿಸ್ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕಿನ ಮೊಣಕಾಲಿಗೆ ಪೆಟ್ಟಾಗಿ ಇವನಿಗೆ ಜಾಗ ಸಿಕ್ಕಿತು. ಆ ಋತುವಿನಲ್ಲೇ ಲೀಗಿನ ಶ್ರೇಷ್ಠ ಆಟಗಾರನೆನಿಸಿಕೊಂಡ. 2000ದ ಜನವರಿ 30ರಂದು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ.

ಅಂಗಡಿಯಿಂದ ಸಿಂಹಾಸನಕ್ಕೆ ಏರಿದ ಈ ಕಥೆಯನ್ನು ಅಮೆರಿಕದವರು ಸಿನಿಮಾ ಮಾಡಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ನಂತರದ ಭಾಗ. ಗಾಯವಾಯಿತು, ಜಾಗ ಹೋಯಿತು. 2004ರಲ್ಲಿ ನ್ಯೂಯಾರ್ಕಿನ ತಂಡಕ್ಕೆ ಬಂದ. ಅಲ್ಲಿ ಈಲೈ ಮ್ಯಾನಿಂಗ್ ಎಂಬ ಹೊಸ ಹುಡುಗ ತಯಾರಾಗುತ್ತಿದ್ದ. ವಾರ್ನರ್ ಮೊದಲ ಒಂಬತ್ತು ಪಂದ್ಯ ಆಡಿದ, ಐದು ಗೆಲ್ಲಿಸಿದ. ತಂಡಕ್ಕೆ ಸೋಲಿಗಿಂತ ಗೆಲುವೇ ಹೆಚ್ಚಿರುವಾಗಲೇ ತರಬೇತುದಾರ ಇವನನ್ನು ಕೂರಿಸಿ ಹುಡುಗನನ್ನು ಇಳಿಸಿದ. ಸೂಪರ್ ಬೌಲ್ ಗೆದ್ದವನು ಉಳಿದ ಋತುವಿನ ಬಹುಪಾಲನ್ನು ಮೈದಾನದ ಅಂಚಿನಲ್ಲಿ ನಿಂತು ಕಳೆದ. ಮುಂದೆ 2008ರಲ್ಲಿ ಆ ಹುಡುಗನ ತಂಡ ಸೂಪರ್ ಬೌಲ್ ಗೆದ್ದಿತು. ವಾರ್ನರ್ ಅರಿಜೋನಾ ತಂಡಕ್ಕೆ ಹೋಗಿ, ಅಲ್ಲೂ ಹುಡುಗನೊಬ್ಬನ ಹಿಂದೆ ಕಾದು, ಮತ್ತೆ ಜಾಗ ಗಳಿಸಿ 2009ರಲ್ಲಿ ಆ ತಂಡವನ್ನು ಸೂಪರ್ ಬೌಲ್‌ಗೆ ಒಯ್ದು ಸೋತ. ಮರುವರ್ಷ ನಿವೃತ್ತನಾದ.

ಗೆದ್ದಾಗ ಮನುಷ್ಯ ಹೇಗಿರುತ್ತಾನೆ ಎಂಬುದು ಹೆಚ್ಚು ಹೇಳುವುದಿಲ್ಲ. ಗೆದ್ದವರೆಲ್ಲ ಬಹುತೇಕ ಒಂದೇ ಥರ ನಗುತ್ತಾರೆ. ತನ್ನ ಜಾಗದಲ್ಲಿ ಇನ್ನೊಬ್ಬ ಆಡುವುದನ್ನು ನೋಡುತ್ತ ಕೂತಾಗ ಅವನ ಒಳಗು ಹೊರಬರುತ್ತದೆ. ಆ ಹುಡುಗ ಎಡವಲಿ ಎಂದು ಒಳಗೊಳಗೇ ಹಾರೈಸುತ್ತಾನೋ, ಅಥವಾ ಎದುರಾಳಿ ಎಡಗಡೆಯಿಂದ ಬರುತ್ತಾನೆ ನೋಡಿಕೋ ಎಂದು ಕೂಗಿ ಹೇಳುತ್ತಾನೋ? ಇದು ಆಟದ ಮಾತಷ್ಟೇ ಅಲ್ಲ. ಶಾಲೆಯಲ್ಲಿ, ಕಚೇರಿಯಲ್ಲಿ, ಅಣ್ಣತಮ್ಮಂದಿರ ನಡುವೆ ಹೊಲದ ಯಜಮಾನಿಕೆ ಕೈ ಬದಲಾಗುವಾಗ, ಸೊಸೆಯ ಕೈಗೆ ಅತ್ತೆ ಮನೆ ಒಪ್ಪಿಸುವಾಗ, ಎಲ್ಲೆಡೆ ಇದೇ ಪ್ರಶ್ನೆ ಎದುರು ನಿಲ್ಲುತ್ತದೆ.

ನಮ್ಮ ಐದು ತಾಲ್ಲೂಕುಗಳಲ್ಲಿ ಹಾಕಿ ಕೋಲು ಕಾಣುವುದು ಅಪರೂಪ. ನಮ್ಮದು ಕಬಡ್ಡಿ, ವಾಲಿಬಾಲ್, ಕೊಕ್ಕೊ, ಈಚೆಗೆ ಟೆನಿಸ್ ಬಾಲ್ ಕ್ರಿಕೆಟ್. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಊರೂರಿನಲ್ಲಿ ಹೊನಲು ಬೆಳಕಿನ ಕಬಡ್ಡಿ. ಸಂಜೆಗೇ ಮಣ್ಣಿನ ಅಂಕಣಕ್ಕೆ ನೀರು ಹೊಡೆದು, ಕಲ್ಲು ಹರಳು ಆರಿಸಿ, ಸುಣ್ಣದ ಗೆರೆ ಎಳೆದಿರುತ್ತಾರೆ. ಸುತ್ತ ಹಗ್ಗ, ಹಗ್ಗಕ್ಕೆ ಹೊಟ್ಟೆಯೊತ್ತಿ ನಿಂತ ಹುಡುಗರು, ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಹೆಂಗಸರು, ಮಕ್ಕಳು. ರೈಡರ್ ಗೆರೆ ದಾಟಿದಾಗ ಮೈಕಿನವನ ದನಿಯೂ ಏರುತ್ತದೆ.

ಕಬಡ್ಡಿಯಲ್ಲಿ ಒಂದು ನಿಯಮವಿದೆ. ಅದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ಅಂಕಣದಲ್ಲಿ ಏಳು ಮಂದಿ. ಔಟಾದವನು ಹೊರಗೆ ಹೋಗಿ ಸಾಲಿನಲ್ಲಿ ಕೂರಬೇಕು. ತನ್ನ ಕಡೆಯವನೊಬ್ಬ ಎದುರಾಳಿಯನ್ನು ಔಟ್ ಮಾಡಿದಾಗ ಹೊರಗೆ ಕೂತವರಲ್ಲಿ ಮೊದಲು ಹೋದವನು ಮೊದಲು ಒಳಬರುತ್ತಾನೆ. ಅದಕ್ಕೆ ನಮ್ಮವರು ಜೀವ ಬಂತು ಅನ್ನುತ್ತಾರೆ. ಎಂಥ ಗಟ್ಟಿಗನೇ ಇರಲಿ, ಹೊರಗೆ ಕೂತ ಮೇಲೆ ತನ್ನ ಬಲದಿಂದ ಒಳಗೆ ಬರಲಾರ. ಇನ್ನೊಬ್ಬನು ಗಳಿಸಿದ ಅಂಕದಿಂದಲೇ ಅವನಿಗೆ ಜೀವ ಬರಬೇಕು. ನಿನ್ನೆ ಮೊನ್ನೆ ಬಂದ ಹುಡುಗನೊಬ್ಬ ಬೋನಸ್ ಗೆರೆಯ ಹತ್ತಿರ ಎದುರಾಳಿಯ ಮೈ ಮುಟ್ಟಿ ಬಂದನೆಂದರೆ ಇಪ್ಪತ್ತು ವರ್ಷದ ಅನುಭವಿಗೂ ಜೀವ ಬರುತ್ತದೆ. ಆದ್ದರಿಂದಲೇ ಹೊರಗೆ ಕೂತವರು ಗಂಟಲು ಹರಿಯುವಂತೆ ಕೂಗುತ್ತಾರೆ. ಹೊಟ್ಟೆಕಿಚ್ಚಿಗೆ ಅಲ್ಲಿ ಜಾಗವೇ ಇಲ್ಲ.

ಆದರೆ ಅಂಕಣದಲ್ಲಿ ನಡೆಯುವ ಈ ನ್ಯಾಯ ಊರಿನ ಬಾಳಿನಲ್ಲಿ ನಡೆಯುತ್ತಿಲ್ಲ ಎಂಬುದೇ ನನ್ನ ಸಂಕಟ. ನಮ್ಮ ಸೀಮೆಯ ಆಟಗಾರನ ಆಟದ ಬಾಳು ಎಷ್ಟು ದಿನದ್ದು? ಹೈಸ್ಕೂಲಿನಲ್ಲಿ ವಲಯ ಮಟ್ಟ, ತಾಲ್ಲೂಕು ಮಟ್ಟ. ಪಿಯುಸಿಯಲ್ಲಿ ಜಿಲ್ಲೆ, ಅದೃಷ್ಟವಿದ್ದರೆ ವಿಭಾಗ. ಅಷ್ಟರಲ್ಲಿ ಮಳೆ ಕೈಕೊಟ್ಟ ವರ್ಷವೊಂದು ಬರುತ್ತದೆ. ಶೇಂಗಾ ಹೊಲದಲ್ಲೇ ಒಣಗುತ್ತದೆ. ಮನೆಯವರು ಗುಳೆ ಹೊರಡುತ್ತಾರೆ: ಮಂಡ್ಯದ ಕಡೆ ಕಬ್ಬು ಕಡಿಯಲು, ಮಲೆನಾಡಿಗೆ ಕಾಫಿ ಕೊಯ್ಯಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಹುಡುಗನೂ ಹೊರಡುತ್ತಾನೆ. ಹೆಣ್ಣುಮಗಳದಾದರೆ ಇನ್ನೂ ಮೊದಲೇ ಮುಗಿಯುತ್ತದೆ. ಕೊಕ್ಕೊದಲ್ಲಿ ಜಿಲ್ಲೆಗೆ ಆಡಿದವಳು ಪದವಿಗೆ ಬರುವಷ್ಟರಲ್ಲಿ ಗಂಡನ ಮನೆ ಸೇರಿರುತ್ತಾಳೆ. ಅವಳು ಆಡುತ್ತಿದ್ದಳೆಂಬುದು ಅವಳ ಮಕ್ಕಳಿಗೂ ಗೊತ್ತಿರುವುದಿಲ್ಲ. ಸೋತು ಆಟ ಬಿಟ್ಟವರು ಕಡಿಮೆ, ಬಿಡಿಸಿಕೊಂಡವರೇ ಹೆಚ್ಚು.

ಕೂಡ್ಲಿಗಿ ಸೀಮೆಯ ಒಂದು ಪಂದ್ಯಾವಳಿಯಲ್ಲಿ ಅಂಥವನೊಬ್ಬ ನನ್ನ ಪಕ್ಕ ನಿಂತಿದ್ದ. ನಲವತ್ತರ ಆಸುಪಾಸು, ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದ. ಒಳಗೆ ಒಬ್ಬ ಹುಡುಗ ರೈಡರ್‌ನ ಹಿಮ್ಮಡಿಗೆ ಕೈ ಹಾಕುವಾಗಲೆಲ್ಲ ಇವನ ಬಲಗೈ ತಾನಾಗಿ ಮುಂದೆ ಬಂದು ಗಾಳಿಯಲ್ಲಿ ಮುಷ್ಟಿ ಕಟ್ಟುತ್ತಿತ್ತು. ನೀವೂ ಆಡ್ತಿದ್ರಾ ಎಂದು ಕೇಳಿದೆ. "ಆಡ್ತಿದ್ದೆ ಅಣ್ಣ. ಮೊಣಕಾಲು ಕೈಕೊಟ್ತು, ಬಿಟ್ಟೆ. ಆ ಹುಡುಗಗ ಹಿಮ್ಮಡಿ ಹಿಡಿಯೋದು ನಾನ ಕಲಿಸಿದ್ದು" ಎಂದ. ಹೇಳುವಾಗ ಕಣ್ಣು ಅಂಕಣದ ಮೇಲೇ ಇತ್ತು. ಆ ಹುಡುಗನ ತಂಡ ಗೆದ್ದಿತು. ವೇದಿಕೆಯ ಮೇಲೆ ಶಾಲು, ಹಾರ, ಭಾಷಣ ಎಲ್ಲವೂ ನಡೆದವು. ಹಿಮ್ಮಡಿ ಹಿಡಿಯಲು ಕಲಿಸಿದವನನ್ನು ಯಾರೂ ಕರೆಯಲಿಲ್ಲ. ಅವನು ಕರೆಯಲಿ ಎಂದು ಕಾದಂತೆಯೂ ಕಾಣಲಿಲ್ಲ. ಕರೆಯಬೇಕಾದದ್ದು ನಮ್ಮ ಕರ್ತವ್ಯವಾಗಿತ್ತು; ಅವನ ನಿರೀಕ್ಷೆಗೂ ಅದಕ್ಕೂ ಸಂಬಂಧವಿಲ್ಲ.

ನಮ್ಮ ಪಂದ್ಯಾವಳಿಗಳ ಕರಪತ್ರ ಕೈಗೆತ್ತಿಕೊಂಡು ನೋಡಿ. ಮೇಲೆ ದೇವರ ಚಿತ್ರ, ಕೆಳಗೆ ಮುಖಂಡರ ಸಾಲು ಸಾಲು ಚಿತ್ರ. ಪ್ರಥಮ ಬಹುಮಾನ ಕೊಟ್ಟವರ ಹೆಸರು, ಟ್ರೋಫಿ ಕೊಟ್ಟವರ ಹೆಸರು, ಊಟದ ವ್ಯವಸ್ಥೆ ಮಾಡಿದವರ ಹೆಸರು, ಪ್ರವೇಶ ಶುಲ್ಕ, ಸಂಪರ್ಕಿಸಬೇಕಾದ ಮೊಬೈಲ್ ಸಂಖ್ಯೆ, ಕೊನೆಯಲ್ಲಿ ತೀರ್ಪುಗಾರರ ತೀರ್ಮಾನವೇ ಅಂತಿಮ. ದಾನ ಕೊಟ್ಟವರನ್ನು ನೆನೆಯುವುದು ತಪ್ಪಲ್ಲ. ಅವರಿಲ್ಲದೆ ದೀಪ ಹತ್ತುವುದಿಲ್ಲ. ಆದರೆ ಇಡೀ ಹಾಳೆಯಲ್ಲಿ ಆ ಊರಿನ ಒಬ್ಬ ಹಳೆಯ ಆಟಗಾರನ ಹೆಸರಾದರೂ ಇರುತ್ತದೆಯೇ? ಮಕ್ಕಳಿಗೆ ಕೊಕ್ಕೊ ಕಲಿಸಿ ವರ್ಗವಾಗಿ ಹೋದ ದೈಹಿಕ ಶಿಕ್ಷಕರ ಹೆಸರು?

ಹಿರಿಯ ಆಟಗಾರರಿಗೂ ಒಂದು ಮಾತು ಹೇಳಬೇಕು, ಅದು ಅಷ್ಟು ಸಿಹಿಯಲ್ಲ. ನಮ್ಮ ಎಷ್ಟೋ ತಂಡಗಳು ಒಡೆದಿರುವುದು ಎದುರಾಳಿಯಿಂದಲ್ಲ, ನಾಯಕತ್ವ ಬಿಡಲಾರದ ಹಿರಿಯರಿಂದ. ಮೈಯಲ್ಲಿ ಕಸುವಿಲ್ಲ, ಆದರೂ ಮೊದಲ ರೈಡ್ ತನ್ನದೇ ಆಗಬೇಕು. ಹುಡುಗ ಎರಡು ಅಂಕ ತಂದರೆ ಮುಖ ಸಪ್ಪಗಾಗುತ್ತದೆ. ಕೊನೆಗೆ ಹುಡುಗರು ಬೇರೆ ತಂಡ ಕಟ್ಟಿಕೊಂಡು ಅದೇ ಊರಿಗೆ ಎರಡು ತಂಡ, ಎರಡು ಗುಂಪು, ಎರಡು ಬ್ಯಾನರ್. ಸುನಿಲ್ ಅವರ ವಿದಾಯವನ್ನು ನಾನು ಗೌರವಿಸುವುದು ಇದಕ್ಕಾಗಿ. ದೇಹ ಇನ್ನೂ ಆಗುತ್ತದೆ ಅನ್ನುತ್ತಿದ್ದರೂ ಇದು ನಿಲ್ಲುವ ಹೊತ್ತು ಎಂದು ಮನಸ್ಸು ಹೇಳಿದ್ದನ್ನು ಅವರು ಕೇಳಿದರು. ತಂಡದ ಗೆಲುವಿನಲ್ಲಿ ಹುಳಿ ಹಿಂಡಲಿಲ್ಲ. ಆಯ್ಕೆಗಾರರ ಮೇಲೆ ಹರಿಹಾಯಲಿಲ್ಲ.

ಜಾಗ ಬಿಡುವವನಿಗೆ ನಿಲ್ಲಲು ಇನ್ನೊಂದು ಜಾಗ ಇರಬೇಕು. ಅದಿಲ್ಲದಿದ್ದರೆ ಯಾರಾದರೂ ಹಳೆಯದನ್ನೇ ಗಟ್ಟಿಯಾಗಿ ಹಿಡಿಯುತ್ತಾರೆ. ಕಲಿಸುವ ಜಾಗ, ತೀರ್ಪು ಹೇಳುವ ಜಾಗ, ಶಾಲೆಯ ಮಕ್ಕಳೊಂದಿಗೆ ಸಂಜೆ ಒಂದು ಗಂಟೆ ಕಳೆಯುವ ಜಾಗ. ಇವೆಲ್ಲಕ್ಕೂ ದುಡ್ಡಿಗಿಂತ ಮನಸ್ಸು ಹೆಚ್ಚು ಬೇಕು.

ಹೊಸ ಜಿಲ್ಲೆ ಬಂದಿದೆ. ಕ್ರೀಡಾಂಗಣ ಕೇಳೋಣ, ಮ್ಯಾಟ್ ಕೇಳೋಣ, ತರಬೇತುದಾರರನ್ನು ಕೇಳೋಣ. ಅವು ಬರುವವರೆಗೆ ಕಾಯಬೇಕಿಲ್ಲದ ಕೆಲಸವೊಂದು ನಮ್ಮ ಕೈಯಲ್ಲೇ ಇದೆ. ಕೊಟ್ಟೂರಿನಲ್ಲಾಗಲಿ, ಹಡಗಲಿಯಲ್ಲಾಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಯ ಯಾವುದೇ ಹಳ್ಳಿಯಲ್ಲಾಗಲಿ ಮುಂದಿನ ಪಂದ್ಯಾವಳಿಯ ಕರಪತ್ರ ಅಚ್ಚಿಗೆ ಕೊಡುವ ಮುನ್ನ ಸಂಘಟಕರು ದಯವಿಟ್ಟು ಎರಡು ಸಾಲಿನ ಜಾಗ ಬಿಡಿ. ಅಲ್ಲಿ ನಿಮ್ಮೂರಿಗಾಗಿ ಆಡಿ ಈಗ ಆಡದಿರುವ ಒಬ್ಬರ ಹೆಸರು ಹಾಕಿ. ಹೆಣ್ಣುಮಗಳಾಗಿದ್ದರೆ ಅವಳ ಗಂಡನ ಊರಿಗೆ ಹೋಗಿ ಕರೆದು ಬನ್ನಿ. ಮೊದಲ ಪಂದ್ಯದ ನಾಣ್ಯವನ್ನು ಅವರ ಕೈಯಿಂದ ಚಿಮ್ಮಿಸಿ.