ನಗೋದು ತಪ್ಪೇನು?

ನಮ್ಮ ಜತ್ತ ಸೀಮಿ ಹಳ್ಳ್ಯಾಗ ದೊಡ್ಡಾಟ ಅಂದ್ರ ರಾತ್ರಿ ಗಣಪತಿ ಸ್ತುತಿಯಿಂದ ಸುರುವಾಗಿ ಹೊತ್ತು ಹುಟ್ಟೂತನಕ ನಡೀತದ. ಅಷ್ಟು ಹೊತ್ತಿನಾಗ ಏನರೆ ಎಡವಟ್ಟ ಆಗೇ ಆಗ್ತದ. ಒಮ್ಮೆ ಭೀಮನ ಗದೆ ಹಿಡಿಕಿ ಬಿಟ್ಟು ಹಾರಿ ಮದ್ದಳಿಯವನ ತೊಡಿ ಮ್ಯಾಲ ಬಿತ್ತು. ದ್ರೌಪದಿ ಪಾತ್ರದವ ತನ್ನ ಸೀರಿ ನಿರಿಗಿ ತಾನೇ ತುಳಿದು ಮುಗ್ಗರಿಸಿದ. ರಾಜನ ವೇಷದಾಗಿದ್ದ ನನ್ನ ಮೀಸಿ ಬೆವರಿಗೆ ಅಂಟು ಬಿಟ್ಟು ಒಂದೇ ಕಡೆ ಜೋತಾಡಿತು. ಮಂದಿ ನಕ್ಕರು, ನಾನೂ ನಕ್ಕೆ. ಮೀಸಿ ಕಿತ್ತು ಮಂತ್ರಿ ಕೈಯಾಗ ಕೊಟ್ಟು ಪದ ಮುಂದುವರಿಸಿದೆ. ಮುಂಜಾನೆ ಹೊಲಕ್ಕ ಹೋಗೂದ್ರಾಗ ಅದು ಮರತೇ ಹೋಗಿತ್ತು.

ಆದರ ಅದೇ ರಾತ್ರಿಯ ಇನ್ನೊಂದು ನಗಿ ನನಗ ಇನ್ನೂ ಮರತಿಲ್ಲ.

ಚಾರನ ಪಾತ್ರಕ್ಕ ಹದಿನೇಳು ವರ್ಷದ ಒಬ್ಬ ಹುಡುಗನ್ನ ಹಾಕಿದ್ದೆವು. 1956ರಾಗ ರಾಜ್ಯಗಳ ಗಡಿ ಹೊಸದಾಗಿ ಬರೆದಾಗ ನಮ್ಮ ಸೀಮಿ ಮುಂಬಯಿ ಕಡೆ ಉಳೀತು, ಮನಿ ಮಾತು ಮಾತ್ರ ಕನ್ನಡನೇ ಉಳೀತು. ಈ ಹುಡುಗನದೂ ಹಂಗ. ಮನಿಯಾಗ ಕನ್ನಡ, ಸಾಲಿ ಮರಾಠಿ. ನಾನು ಹೇಳಿದ ಮಾತುಗಳನ್ನ ಅವ ಬಾಳಬೋಧ ಅಕ್ಷರದಾಗ ಬರಕೊಂಡ. ಆ ಅಕ್ಷರದಾಗ ‘ಒ’ಕ್ಕೂ ‘ಓ’ಕ್ಕೂ ಒಂದೇ ಗುರುತು. ಓಲೆ ಅಂದ್ರ ಪತ್ರ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಅವ್ವ ರೊಟ್ಟಿ ಸುಡೂ ಒಲಿ.

ತುಂಬಿದ ಸಭೆಯಾಗ ಕೈ ಮುಗಿದು, “ದೊರೆಯೇ, ಒಲೆ ತಂದಿದ್ದೇನೆ” ಅಂದ.

ಮಂದಿ ಹೋ ಅಂತು. ನಾನು ಸುಮ್ಮನಿದ್ದು ಪದ ಎತ್ತಿದ್ದರ ಅಲ್ಲಿಗೇ ಮುಗೀತಿತ್ತು. ನಾನು, “ಒಲಿ ತಂದಿ, ಕಟ್ಟಿಗಿ ಎಲ್ಲಿ ಅದಾವೋ?” ಅಂದೆ. ಸೀಟಿ ಬಿದ್ದವು. ನನಗ ಹಿಗ್ಗು. ಹುಡುಗ ಅಟ್ಟ ಇಳಿದು ಕತ್ತಲಾಗ ಹೋದ. ಮರುದಿನದಿಂದ ಊರಾಗ ಅವನ ಹೆಸರು ‘ಒಲಿ’ ಆತು. ಅವ ಮತ್ತ ಅಟ್ಟ ಹತ್ತಲಿಲ್ಲ.

ನಗಿಸಿಕೊಳ್ಳಲಾರದವ ಬಣ್ಣ ಹಚ್ಚಬಾರದು ಅಂತಾರ. ನಾನೂ ಅದೇ ಮಾತಿನಿಂದ ಭಾಳ ದಿನ ಸಮಾಧಾನ ಮಾಡಿಕೊಂಡೆ. ಈಗ ಹಂಗ ಅನಸೂದಿಲ್ಲ. ನನ್ನ ಮೀಸಿ ಬಿದ್ದಾಗ ನಾನು ಮಂದಿ ಕೂಡ ನಕ್ಕೆ. ಯಾಕಂದ್ರ ಅದು ಅಂಟಿಸಿದ ಮೀಸಿ, ಮ್ಯಾಲ ನಾನು ಹಳೇ ಹಾಡುಗಾರ. ಅವನಿಗೆ ಅದು ಮೊದಲನೇ ಮಾತು. ನಾವು ನಕ್ಕದ್ದು ಅವನ ನಾಲಗಿಗೆ. ಊರೆಲ್ಲ ನಗೂವಾಗ ಅವ ಒಬ್ಬನೇ ಹೊರಗ ಉಳಿದ. ಅರ್ಥ ಹೇಳದ ತಪ್ಪು ನನ್ನದು, ನಗಿ ಅವನ ಪಾಲಿಗೆ ಬಂತು. ಕನ್ನಡ ಉಳೀಲಿ ಅಂತ ಆಟ ಆಡತೀವಿ ಅಂತೀವಿ, ಕನ್ನಡ ಆಡಲಿಕ್ಕೆ ಬಂದ ಒಬ್ಬನ್ನ ನಾವೇ ಕಳಕೊಂಡೆವು.

ಹಂಗಂತ ನಗಬಾರದು ಅನ್ನೂದಿಲ್ಲ. ನಗಿ ಇಲ್ಲದ ಆಟ ಉಪ್ಪಿಲ್ಲದ ಸಾರು. ಎಡವಿದವನೂ ನಮ್ಮ ಕೂಡ ನಗಲಿಕ್ಕತ್ತಾನೋ ಇಲ್ಲೋ ಅಂತ ಒಮ್ಮೆ ಅವನ ಮಾರಿ ನೋಡಿ ನಗಬೇಕು.

ಈಗ ನಾನು ಮಾತು ಕಲಿಸೂ ಮೊದಲು ಪ್ರತಿ ಶಬ್ದದ ಅರ್ಥ ಹೇಳತೀನಿ. ಆ ಹುಡುಗ ಈಗ ಮಕ್ಕಳ ತಂದಿ. ಆಟ ನೋಡಲಿಕ್ಕೆ ಬರತಾನ, ಹಿಂದ ಬೇವಿನ ಗಿಡದ ಬುಡಕ್ಕ ನಿಲ್ಲತಾನ. ಯಾರರೆ ಮಾತು ಮರತರ ಎಲ್ಲರೂ ನಗತಾರ, ಅವ ನಗೂದಿಲ್ಲ. ಅವನ ಮುಂದ ಆ ರಾತ್ರಿಯ ಮಾತು ನಾನು ಇನ್ನೂ ಎತ್ತಿಲ್ಲ. ಈ ಸಲ ತಾಲೀಮು ಸುರುವಾಗೂ ಮೊದಲು ಅವನ ಮನಿಗೆ ಹೋಗಬೇಕು ಅಂತ ಮಾಡೀನಿ.